ಮನೆಗೆ ಬಂದ ಫಿಸಿಯೋಥೆರಪಿ ಮಂಚದಿಂದ ಇಳಿಯಬೇಕು

ಲಕ್ವ (ಸ್ಟ್ರೋಕ್) ಹೊಡೆದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಕೆಲವೇ ದಿನಗಳಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಬಾಗಿಲಿಗೆ ಬರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಈಗ ರೂಢಿಯಾಗಿದೆ. ಪಾರ್ಕಿನ್ಸನ್ ರೋಗಿಗಳಿಗೆ, ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರಿಗೆ ಕೂಡ ಇದೇ ಏರ್ಪಾಡು. ವ್ಹೀಲ್‌ಚೇರಿನಲ್ಲಿ ಕೂರಿಸಿ, ಆಟೋ ಹಿಡಿದು, ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸುವ ಪಾಡು ತಪ್ಪಿತಲ್ಲ ಎಂದು ಮನೆಯವರಿಗೆ ಸಮಾಧಾನ. ಆ ಸಮಾಧಾನ ಸಣ್ಣದಲ್ಲ. ಆದರೆ ಈ ಭೇಟಿಗಳಲ್ಲಿ ನಡೆಯುವುದೇನೆಂದು ನೋಡಿದರೆ ಕಳವಳವಾಗುತ್ತದೆ. ಎಷ್ಟೋ ಮನೆಗಳಲ್ಲಿ ರೋಗಿ ಮಂಚದ ಮೇಲೆ ಅಂಗಾತ ಮಲಗಿರುತ್ತಾರೆ. ಬಂದವರು ಸ್ವಾಧೀನ ತಪ್ಪಿದ ಕೈಕಾಲುಗಳನ್ನು ಎತ್ತಿ, ಮಡಿಸಿ, ಚಾಚಿ ಆಡಿಸುತ್ತಾರೆ, ಸ್ವಲ್ಪ ಹೊತ್ತು ಕರೆಂಟ್ ಕೊಡುತ್ತಾರೆ, ಮುಕ್ಕಾಲು ಗಂಟೆಯಾಗುತ್ತಲೇ ಹೊರಡುತ್ತಾರೆ. ಉಳಿದ ಇಪ್ಪತ್ತಮೂರು ಗಂಟೆ ರೋಗಿ ಮತ್ತೆ ಅದೇ ಮಂಚದಲ್ಲಿ. ಆ ಮನೆಯ ಹೊಸ್ತಿಲು, ಬಚ್ಚಲು, ಅಡುಗೆಮನೆ, ಮೆಟ್ಟಿಲುಗಳೇ ಈ ಚಿಕಿತ್ಸೆಯ ನಿಜವಾದ ಉಪಕರಣಗಳು. ಅವನ್ನು ಬಳಸದೆ ಮಂಚದ ಮೇಲೆಯೇ ಮುಗಿದುಹೋಗುವ ಫಿಸಿಯೋಥೆರಪಿ, ಮನೆಯಲ್ಲಿ ನಡೆದರೂ ಮನೆಯಿಂದ ಸಿಗಬೇಕಾದ ಲಾಭವನ್ನು ಪೂರ್ತಿ ಕಳೆದುಕೊಳ್ಳುತ್ತದೆ.

ಬೇರೆಯವರು ಕೈ ಎತ್ತಿಸುವುದಕ್ಕೂ ತಾನೇ ಕೈ ಎತ್ತಲು ಹೆಣಗುವುದಕ್ಕೂ ಮೆದುಳಿನ ಮಟ್ಟಿಗೆ ಅಜಗಜಾಂತರವಿದೆ. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಅಲ್ಲಿಯ ಕೋಶಗಳು ಸತ್ತ ಮೇಲೆ ಉಳಿದ ಭಾಗಗಳು ಹೊಸ ದಾರಿ ಕಂಡುಕೊಳ್ಳುವುದು ಪ್ರಯತ್ನದಿಂದ, ಪದೇ ಪದೇ ಮಾಡಿದ ಪ್ರಯತ್ನದಿಂದ. ಅದೂ ಲೋಟ ಹಿಡಿಯುವುದು, ಗುಂಡಿ ಹಾಕುವುದು, ಕುರ್ಚಿಯಿಂದ ಏಳುವುದು ಇಂಥ ಗೊತ್ತಾದ ಒಂದು ಕೆಲಸದ ಸುತ್ತ ನಡೆದ ಪ್ರಯತ್ನದಿಂದ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಬದಲಾವಣೆ ಕಂಡದ್ದು ದಿನಕ್ಕೆ ನೂರಾರು ಸಲ ಒಂದೇ ಚಲನೆಯನ್ನು ಮಾಡಿಸಿದಾಗ. 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಒಂದು ಅಧ್ಯಯನವು ಸ್ಟ್ರೋಕ್ ರೋಗಿಗಳ ಸೆಷನ್ನುಗಳಲ್ಲಿ ಪಕ್ಕದಲ್ಲೇ ನಿಂತು ಎಣಿಸಿತು. ಕೈಯಿಂದ ಮಾಡುವ ಉಪಯುಕ್ತ ಚಲನೆಗಳನ್ನು ಅಭ್ಯಾಸ ಮಾಡಿಸಿದಲ್ಲಿ ಕೂಡ ಅವು ಒಂದು ಸೆಷನ್ನಿಗೆ ಸರಾಸರಿ 32 ಮಾತ್ರ. ಸುಸಜ್ಜಿತ ಪುನರ್ವಸತಿ ಕೇಂದ್ರಗಳಲ್ಲೇ ಹೀಗಾದರೆ, ರೋಗಿ ತಾನಾಗಿ ಒಂದು ಬೆರಳನ್ನೂ ಅಲುಗಿಸಬೇಕಾಗಿ ಬರದ ಸೆಷನ್ನಿನಿಂದ ಏನನ್ನು ನಿರೀಕ್ಷಿಸುವುದು? ಕೀಲು ಬಿಗಿಯದಿರಲು ಎಳೆದು ಆಡಿಸಲೇಬೇಕು ಎನ್ನುವ ಸಮರ್ಥನೆಯೊಂದಿದೆ. ಈ ಬಗೆಯ ಎಳೆತದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ನರರೋಗಿಗಳ ಕೀಲಿನ ಚಲನೆಯಲ್ಲಿ ಅದರಿಂದ ಗಣನೀಯ ಪ್ರಯೋಜನ ಸಿಕ್ಕಿಲ್ಲ. ಆದರೂ ಈ ಪದ್ಧತಿ ಗಟ್ಟಿಯಾಗಿ ನಿಂತಿದೆ. ಲಕ್ವಕ್ಕೆ ಎಣ್ಣೆ ಹಚ್ಚಿ ನೀವಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಬಂದವರು ಬೆವರು ಹರಿಸಿ ಕೈಕಾಲು ತಿಕ್ಕಿದರೆ ಕೊಟ್ಟ ಹಣಕ್ಕೆ ಕೆಲಸವಾಯಿತೆಂದು ಮನೆಯವರಿಗೆ ಅನ್ನಿಸುತ್ತದೆ. ರೋಗಿಯನ್ನೇ ಬೆವರಿಸಿದರೆ ಹಿರಿಜೀವಕ್ಕೆ ಯಾಕಿಷ್ಟು ಹಿಂಸೆ ಎಂಬ ಪ್ರಶ್ನೆ ಬರುತ್ತದೆ. ತಪ್ಪನ್ನು ಫಿಸಿಯೋಥೆರಪಿಸ್ಟರ ಮೇಲಷ್ಟೇ ಹೊರಿಸುವುದು ಅನ್ಯಾಯ.

ಮನೆಯಲ್ಲಿ ಯಂತ್ರಗಳಿಲ್ಲ, ಹಾಗಾಗಿ ಅಲ್ಲಿಯ ಚಿಕಿತ್ಸೆ ಎರಡನೇ ದರ್ಜೆಯದೆಂದು ಅನೇಕರ ಎಣಿಕೆ. 2011ರಲ್ಲಿ ಅಮೆರಿಕದಿಂದ ಬಂದ ಲೀಪ್ಸ್ ಪ್ರಯೋಗ ಈ ಎಣಿಕೆಯನ್ನು ಬುಡಸಮೇತ ಅಲ್ಲಾಡಿಸಿತು. ಸ್ಟ್ರೋಕ್ ಆದ 408 ಜನರಲ್ಲಿ ಕೆಲವರಿಗೆ ದೇಹದ ಭಾರವನ್ನು ಪಟ್ಟಿಗಳಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿ, ಇನ್ನು ಕೆಲವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮಾಡಿಸುವ ಬಲ ಮತ್ತು ಸಮತೋಲನದ ವ್ಯಾಯಾಮ. ಒಂದು ವರ್ಷದ ಕೊನೆಗೆ ನಡಿಗೆಯ ಸುಧಾರಣೆಯಲ್ಲಿ ಯಂತ್ರಕ್ಕೂ ಮನೆಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಮನೆಯ ವ್ಯಾಯಾಮದ ಅಳತೆಯನ್ನು ಮರೆಯಬಾರದು: ತೊಂಬತ್ತು ನಿಮಿಷದ ಸೆಷನ್ನುಗಳು 36, ವಾರದಿಂದ ವಾರಕ್ಕೆ ಕಷ್ಟ ಹೆಚ್ಚುತ್ತ ಹೋಗುವ ಕ್ರಮ. ಇನ್ನು ಪಾರ್ಕಿನ್ಸನ್ ರೋಗದಲ್ಲಂತೂ ಮನೆಯೇ ಕ್ಲಿನಿಕ್ಕಿಗಿಂತ ಮೇಲು ಎನ್ನಲು ಕಾರಣವಿದೆ. ಆಸ್ಪತ್ರೆಯ ಅಗಲವಾದ ಕಾರಿಡಾರಿನಲ್ಲಿ ಸರಾಗವಾಗಿ ನಡೆಯುವ ರೋಗಿಯ ಕಾಲು ಮನೆಯ ಇಕ್ಕಟ್ಟಾದ ಬಾಗಿಲಲ್ಲಿ, ಬಚ್ಚಲಿನ ಮುಂದೆ, ಮಂಚದ ಪಕ್ಕ ತಿರುಗುವಾಗ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನೆಲಕ್ಕೆ ಅಡ್ಡಪಟ್ಟಿ ಅಂಟಿಸಿ ಅದನ್ನು ದಾಟುವುದು, ತಾಳಕ್ಕೆ ಸರಿಯಾಗಿ ಹೆಜ್ಜೆಯಿಡುವುದು ಇಂಥ ಸೂಚನೆಗಳನ್ನು ಎಲ್ಲಿ ಕಾಲು ನಿಲ್ಲುತ್ತದೋ ಅಲ್ಲೇ ಕಲಿಸಬೇಕು. ಯುರೋಪಿನ ಮೂರು ದೇಶಗಳಲ್ಲಿ 153 ರೋಗಿಗಳಿಗೆ ಮನೆಯಲ್ಲೇ ಮೂರು ವಾರ ಹೀಗೆ ಕಲಿಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ನಡಿಗೆ ಸುಧಾರಿಸಿತು, ಕಾಲು ನಿಲ್ಲುವ ತೊಂದರೆ ಇದ್ದವರಲ್ಲಿ ಅದರ ತೀವ್ರತೆ ತುಸು ತಗ್ಗಿತು. ತರಬೇತಿ ನಿಂತ ಆರು ವಾರಕ್ಕೆ ಲಾಭವೂ ಕರಗತೊಡಗಿತ್ತು. ಈ ಕೊನೆಯ ಮಾತನ್ನು ಚಿಕಿತ್ಸೆಯ ಪ್ಯಾಕೇಜ್ ಮಾರುವವರೂ ಕೊಳ್ಳುವವರೂ ಗಮನಿಸಬೇಕು, ಏಕೆಂದರೆ ವರ್ಷಗಟ್ಟಲೆ ಬೆಳೆಯುವ ರೋಗಕ್ಕೆ ಇಪ್ಪತ್ತು ದಿನದ ಕೋರ್ಸ್ ಎಂಬುದಿಲ್ಲ.

ಹಾಗಾದರೆ ಮನೆಯವರೇ ಕಲಿತು ಮಾಡಿಸಬಹುದಲ್ಲ, ಹೊರಗಿನವರೇಕೆ ಬೇಕು ಎಂಬ ಆಕ್ಷೇಪ ಸಹಜ. ಕೂಡುಕುಟುಂಬದ ನಾಡಿನಲ್ಲಿ ಇದು ಆಕರ್ಷಕವಾದ ವಿಚಾರ. ಸರ್ಕಾರಗಳಿಗೂ ಅಗ್ಗದ ದಾರಿ. ಇದನ್ನು ಒರೆಗೆ ಹಚ್ಚಿದ್ದು ಭಾರತದಲ್ಲೇ. ಅಟೆಂಡ್ ಎಂಬ ಪ್ರಯೋಗದಲ್ಲಿ ದೇಶದ 14 ಆಸ್ಪತ್ರೆಗಳ 1250 ಸ್ಟ್ರೋಕ್ ರೋಗಿಗಳು ಸೇರಿದ್ದರು. ಅರ್ಧದಷ್ಟು ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮಾರ್ಗದರ್ಶನ ಮಾಡಲಾಯಿತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ಮನೆಯವರ ಪ್ರೀತಿಗೆ ಇದು ಅವಮಾನವಲ್ಲ. ಚಿಕಿತ್ಸಕರ ಕೆಲಸವನ್ನು ಹಾಗೇ ಅವರ ಹೆಗಲಿಗೆ ದಾಟಿಸಿದರೆ ಸಾಲದೆಂಬ ಎಚ್ಚರಿಕೆ. ಆ ಹೆಗಲು ಹೆಚ್ಚಿನಂಶ ಹೆಂಡತಿಯದು, ಸೊಸೆಯದು, ಮಗಳದು. ಅಡುಗೆ, ಮಕ್ಕಳು, ರೋಗಿಯ ಸ್ನಾನ ಶೌಚಗಳ ನಡುವೆ ಆಕೆಗೆ ದಿನಾಲೂ ಒಂದು ಗಂಟೆಯ ವ್ಯಾಯಾಮ ಮಾಡಿಸಲು ಹೇಳುವುದು ಬಾಯಲ್ಲಿ ಮಾತ್ರ ಸುಲಭ.

ಹಾಗೆಂದು ಭೇಟಿಗಳ ಸಂಖ್ಯೆಯೇ ಎಲ್ಲವೂ ಅಲ್ಲ. ಬ್ರಿಟನ್ನಿನಲ್ಲಿ 762 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು ಒಂದು ಗಂಟೆಯ ನಾಲ್ಕೇ ಭೇಟಿಗಳಂತೆ ಕೊಟ್ಟ ಚಿಕಿತ್ಸೆಯಿಂದ ಏನೂ ಉಪಯೋಗವಾಗಲಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಎಂಬತ್ತು ದಾಟಿದ 233 ಹೆಂಗಸರ ಮೇಲೆ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮೊದಲ ಎರಡು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ಬಂದದ್ದು ನಾಲ್ಕೇ ಸಲ. ಆದರೆ ಒಂದು ವರ್ಷದಲ್ಲಿ ವ್ಯಾಯಾಮದ ಗುಂಪಿನವರು ಬಿದ್ದದ್ದು 88 ಸಲ, ಉಳಿದವರು 152 ಸಲ. ರೋಗ ಬೇರೆ, ಜನ ಬೇರೆ. ನೇರ ಹೋಲಿಕೆ ಸಲ್ಲದು. ಆದರೂ ಡ್ಯುನೆಡಿನ್ನಿನಲ್ಲಿ ಆ ಅಜ್ಜಿಯರಿಗೆ ವಾರಕ್ಕೆ ಮೂರು ಸಲ ತಾವೇ ಮಾಡಬೇಕಾದ, ಕಾಲಿಗೆ ಭಾರ ಕಟ್ಟಿಕೊಂಡು ಮಾಡುವ ನಿರ್ದಿಷ್ಟ ವ್ಯಾಯಾಮ ಮತ್ತು ನಡಿಗೆಯ ಕ್ರಮವಿತ್ತು. ಫಿಸಿಯೋಥೆರಪಿಸ್ಟ್ ಅದನ್ನು ಒಬ್ಬೊಬ್ಬರಿಗೆ ಹೊಂದಿಸಿ ಬಿಗಿಮಾಡುತ್ತ ಹೋದರು. ಎರಡು ಭೇಟಿಗಳ ನಡುವಿನ ದಿನಗಳಲ್ಲಿ ರೋಗಿ ಏನು ಮಾಡುತ್ತಾರೆ ಎಂಬುದನ್ನು ಯೋಜಿಸುವುದು, ಅಳೆಯುವುದು, ತಿದ್ದುವುದು ಪರಿಣತರ ಕೆಲಸ. ಹಣ ಕೊಡಬೇಕಾದದ್ದೂ ಅದಕ್ಕೇ.

ಎಬ್ಬಿಸಿ ನಡೆಸಿದರೆ ಬಿದ್ದಾರು ಎಂಬ ಭಯ ಸುಳ್ಳಲ್ಲ. ಒದ್ದೆ ಬಚ್ಚಲು, ಹಿಡಿಕೆಯಿಲ್ಲದ ಕಕ್ಕಸು, ಕುಕ್ಕರಗಾಲಲ್ಲಿ ಕೂರಬೇಕಾದ ಇಂಡಿಯನ್ ಕಮೋಡ್, ಎತ್ತರದ ಹೊಸ್ತಿಲು, ಸರಿಯುವ ಚಾಪೆ ನಮ್ಮ ಮನೆಗಳಲ್ಲಿ ಎಲ್ಲೆಲ್ಲೂ ಇವೆ. ಮೊದಲ ಭೇಟಿಯಲ್ಲಿ ಆಗಬೇಕಾದದ್ದು ಇವುಗಳ ತಪಾಸಣೆಯೇ: ಗೋಡೆಗೆ ಹಿಡಿಕೆ, ಕಮೋಡ್ ಕುರ್ಚಿ, ಮಂಚದ ಎತ್ತರ, ರಾತ್ರಿಯ ದೀಪ. ಎಚ್ಚರದ ಎಲ್ಲೆಯೂ ಇದೆ. ಸ್ಟ್ರೋಕ್ ಆದ 24 ಗಂಟೆಯೊಳಗೇ ರೋಗಿಗಳನ್ನು ಪದೇ ಪದೇ ಎಬ್ಬಿಸಿದ 2015ರ ಅವರ್ಟ್ ಪ್ರಯೋಗದಲ್ಲಿ ಫಲಿತಾಂಶ ಇನ್ನಷ್ಟು ಕೆಟ್ಟಿತ್ತು. ಅದು ಆಸ್ಪತ್ರೆಯ ಮೊದಲ ದಿನದ ಮಾತು. ತಿಂಗಳ ನಂತರವೂ ಮಂಚ ಬಿಡಿಸದಿರಲು ಅದು ನೆಪವಾಗದು. ಒಂದು ಬೆರಳೂ ಆಡದವರ ವಿಷಯ ಬೇರೆ. ಅವರಿಗೆ ಮಗ್ಗುಲು ಬದಲಿಸುವುದು, ಹುಣ್ಣಾಗದಂತೆ ನೋಡಿಕೊಳ್ಳುವುದು, ಭುಜವನ್ನು ಎಳೆಯದೆ ಎತ್ತುವುದನ್ನು ಮನೆಯವರಿಗೆ ಕಲಿಸುವುದು ದೊಡ್ಡ ಸೇವೆ. ಆದರೆ ಅದನ್ನು ಚೇತರಿಕೆಯ ಚಿಕಿತ್ಸೆಯೆಂದು ಹೇಳಿ ತಿಂಗಳುಗಟ್ಟಲೆ ದಿನಾಲೂ ಹಣ ಪಡೆಯುವುದು ಸರಿಯಲ್ಲ.

ಅಳತೆ ಇಲ್ಲದಿರುವುದೇ ಈ ಸೇವೆಯ ದೊಡ್ಡ ಕೊರತೆ. ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸೆಕೆಂಡುಗಳನ್ನು ಎಣಿಸುವ ಪರೀಕ್ಷೆ 1991ರಿಂದ ಬಳಕೆಯಲ್ಲಿದೆ. ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಹದಿನೈದು ದಿನಕ್ಕೊಮ್ಮೆ ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಚಿಕಿತ್ಸೆ ಮುಂದುವರಿಸಬೇಕೇ, ಬದಲಿಸಬೇಕೇ ಎಂಬುದು ಮನೆಯವರಿಗೂ ತಿಳಿಯುತ್ತದೆ. ಹಣವಿಲ್ಲದ ಮನೆಗಳ ಪ್ರಶ್ನೆ ಇದಕ್ಕಿಂತ ಕಠಿಣ. ತಮಿಳುನಾಡು 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯಿಂದ ಆರಂಭಿಸಿದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ ಸಕ್ಕರೆ, ಬಿಪಿ ಮಾತ್ರೆಗಳ ಜತೆ ಮನೆಬಾಗಿಲ ಫಿಸಿಯೋಥೆರಪಿಯನ್ನೂ ಸೇರಿಸಿತು. ಬೆಂಗಳೂರಿನ ಗಡಿಗೆ ತಾಗಿದ ಜಿಲ್ಲೆ ಅದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಊರಿನ ಪ್ರತಿ ಮನೆಯ ಕಷ್ಟ ಬಲ್ಲವರು. ತಾಲ್ಲೂಕು ಆಸ್ಪತ್ರೆಗೆ ಒಬ್ಬರಾದರೂ ಫಿಸಿಯೋಥೆರಪಿಸ್ಟರನ್ನು ಮನೆಭೇಟಿಗೆಂದೇ ನೇಮಿಸಿ, ಯೋಜನೆ ಮತ್ತು ಅಳತೆ ಅವರದು, ವಾರವಾರದ ನಿಗಾ ಈ ಕಾರ್ಯಕರ್ತರದು ಎಂದು ಹಂಚಿಕೊಟ್ಟು ಒಂದು ಜಿಲ್ಲೆಯಲ್ಲಾದರೂ ಎರಡು ವರ್ಷ ನಡೆಸಿ ನೋಡಬಹುದು. ಅಟೆಂಡ್ ಪ್ರಯೋಗ ಬಿಟ್ಟುಹೋದ ಪ್ರಶ್ನೆಗೆ, ಅಂದರೆ ಪರಿಣತರು ಕೈಬಿಡದೆ ಜೊತೆಗಿದ್ದರೆ ಮನೆಯ ಆರೈಕೆಯ ಫಲ ಬದಲಾಗುತ್ತದೆಯೇ ಎಂಬುದಕ್ಕೆ, ಉತ್ತರ ಅಲ್ಲಿಂದ ಸಿಕ್ಕೀತು.