ಪ್ರವಾಸಿಯ ತಟ್ಟೆ ಮತ್ತು ಬರಿ ರೊಟ್ಟಿ

ಮೊರಾಕ್ಕೋಗೆ ಹೋಗುವವರು ತಪ್ಪದೆ ಸವಿಯಬೇಕಾದ ತಿನಿಸುಗಳದ್ದೊಂದು ಪಟ್ಟಿಯಿದೆ. ಬರೆಯುವವರು ಬದಲಾಗುತ್ತಾರೆ, ಪಟ್ಟಿ ಬದಲಾಗುವುದಿಲ್ಲ. ತಾಜಿನ್, ಕುಸ್ಕುಸ್, ಪಸ್ತಿಲ್ಲಾ, ಹರೀರಾ, ತಂಜಿಯಾ, ಕೊನೆಗೆ ಎತ್ತರದಿಂದ ಸುರಿಯುವ ಪುದೀನ ಚಹಾ. ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಿ, ಹೊಳೆಯುವ ಕಾಗದದ ಪುಸ್ತಕಗಳಲ್ಲಿ, ವಿಮಾನದ ಸೀಟಿನ ಹಿಂದೆ ಸಿಕ್ಕಿಸಿಟ್ಟ ಮಾಸಿಕಗಳಲ್ಲಿ ಇದೇ ಕಾಣುತ್ತದೆ. ನಾನು ಮೊರಾಕ್ಕೋ ನೋಡಿದವಳಲ್ಲ. ಆದರೆ ಈ ಬರಹಗಳನ್ನು ಸಾಕಷ್ಟು ಓದಿದ್ದೇನೆ. ಅಡುಗೆಮನೆಯಲ್ಲಿ ನಿಂತು ಓದಿದವಳಾದ್ದರಿಂದ ಅವು ಹೇಳುವುದಕ್ಕಿಂತ ಹೇಳದೆ ಬಿಟ್ಟದ್ದರ ಕಡೆಗೇ ಗಮನ ಹೋಗುತ್ತದೆ. ಹೊರಗಿನವರು ಒಂದು ಸಮಾಜದ ಬಗ್ಗೆ ಓದುವ ಮೊದಲ ಬರಹ ಇಂಥದ್ದು. ಎಷ್ಟೋ ಸಲ ಕೊನೆಯದೂ ಇದೇ. ಆದ್ದರಿಂದ ಇದನ್ನೂ ಒಂದು ಸಾಹಿತ್ಯ ಪ್ರಕಾರವೆಂದು ತಿಳಿದು ವಿಮರ್ಶಿಸಬೇಕು.

ಕುಸ್ಕುಸ್‌ನಿಂದಲೇ ಶುರುಮಾಡೋಣ. ಪಟ್ಟಿಗಳು ಇದನ್ನು 'ಮೊರಾಕ್ಕೋದ ರಾಷ್ಟ್ರೀಯ ಖಾದ್ಯ' ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಆ ಒಂದು ವಾಕ್ಯದ ಹಿಂದೆ ಹೆಂಗಸರ ಇಡೀ ಒಂದು ಬೆಳಗು ಇದೆ. ಗೋಧಿ ರವೆಗೆ ನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಂಗೈಯಲ್ಲಿ ತಿರುವಿ ತಿರುವಿ ಸಣ್ಣ ಕಾಳು ಮಾಡಬೇಕು. ಜರಡಿ ಹಿಡಿಯಬೇಕು. ಕೆಳಗೆ ಮಾಂಸ ತರಕಾರಿಗಳು ಕುದಿಯುವಾಗ ಮೇಲಿನ ತೂತಿನ ಪಾತ್ರೆಯಲ್ಲಿ ಆ ಕಾಳು ಹಬೆಯಲ್ಲಿ ಬೇಯುತ್ತದೆ. ಬೆಂದದ್ದನ್ನು ಅಗಲವಾದ ತಟ್ಟೆಗೆ ಸುರಿದು, ಸುಡುಸುಡುವಾಗಲೇ ಕೈಯಿಂದ ಗಂಟು ಬಿಡಿಸಿ, ಉಪ್ಪುನೀರು ತಳಿದು ಮತ್ತೆ ಹಬೆಗೆ ಇಡಬೇಕು. ಹೀಗೆ ಎರಡು ಸಲ, ಮೂರು ಸಲ. ಶುಕ್ರವಾರ ಜುಮಾ ನಮಾಝ್ ಮುಗಿಸಿ ಗಂಡಸರು ಬರುವ ಹೊತ್ತಿಗೆ ದೊಡ್ಡ ತಟ್ಟೆಯೊಂದರಲ್ಲಿ ಅದು ಸಿದ್ಧವಾಗಿರುತ್ತದೆ. ಮನೆಯವರೆಲ್ಲ ಅದರ ಸುತ್ತ ಕೂತು ಉಣ್ಣುತ್ತಾರೆ. ಒಂದು ತಟ್ಟೆ ಮಸೀದಿಗೂ ಹೋಗುವುದುಂಟು, ಬಡವರಿಗೆ, ದಾರಿಹೋಕರಿಗೆ. ಹೋಟೆಲಿನವರು ಇದನ್ನು ವಾರದ ಏಳು ದಿನವೂ ಬಡಿಸುತ್ತಾರೆ. ರುಚಿ ಅದೇ ಇರಬಹುದು. ಆದರೆ ಶುಕ್ರವಾರವನ್ನು ಕಳೆದ ಮೇಲೆ ಕುಸ್ಕುಸ್‌ನಲ್ಲಿ ಉಳಿಯುವುದು ಬೆಂದ ರವೆ ಮಾತ್ರ.

ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ ಇನ್ನೊಂದು ಅಡುಗೆ ರ್ಫಿಸ್ಸಾ. ಪದರ ಪದರವಾದ ರೊಟ್ಟಿಯನ್ನು ಚೂರು ಮಾಡಿ ಹರಡಿ, ಮೇಲೆ ಕೋಳಿ, ಮಸೂರ ಬೇಳೆ, ನೆನೆಸಿದ ಮೆಂತ್ಯ ಹಾಕಿದ ಸಾರು ಸುರಿಯುತ್ತಾರೆ. ಇದು ಬಾಣಂತಿಯ ಊಟ. ಹೆರಿಗೆಯಾದ ಮೂರನೆಯ ದಿನ ಮಾಡಿ ನೆಂಟರಿಗೂ ಬಡಿಸುವ ವಾಡಿಕೆ. ಪ್ರವಾಸಿ ಬರಹಗಾರರು ಇದರ ಮೆಂತ್ಯವನ್ನು 'ವಿಚಿತ್ರ ಕಹಿ' ಎಂದು ಬರೆಯುತ್ತಾರೆ. ಬಾಣಂತಿಗೆ ಮೆಂತ್ಯ ಏಕೆ ಎಂದು ನಮ್ಮ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಕಹಿಯ ಅರ್ಥ ನಾಲಿಗೆಯಲ್ಲಿಲ್ಲ, ಎದೆಹಾಲಿನಲ್ಲಿದೆ.

ಶ್ರೀಮಂತರ ಅಡುಗೆಯ ಮಾತೇ ಬೇರೆ. ಫೆಜ್ ನಗರದ ಪಸ್ತಿಲ್ಲಾ ಪಾರಿವಾಳದ ಮಾಂಸ, ಬಾದಾಮಿ, ಮೊಟ್ಟೆಗಳನ್ನು ಕಾಗದದಷ್ಟು ತೆಳುವಾದ ಹಾಳೆಗಳಲ್ಲಿ ಮಡಿಸಿ, ಮೇಲೆ ಸಕ್ಕರೆ ದಾಲ್ಚಿನ್ನಿ ಉದುರಿಸಿದ ತಿನಿಸು. ಇಂಥ ಅಡುಗೆಯನ್ನು ದೊಡ್ಡ ಮನೆಗಳಲ್ಲಿ ತಲೆಮಾರುಗಳವರೆಗೆ ಕಾಪಾಡಿದವರನ್ನು ಅಲ್ಲಿ 'ದಾದಾ' ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ದಾದಾ ಎಂದರೆ ತಂದೆಯ ತಂದೆ, ಅಲ್ಲಿ ಅಡುಗೆಯ ಹೆಂಗಸು. ಅವರಲ್ಲಿ ಅನೇಕರು ಸಹಾರಾ ಮರುಭೂಮಿಯ ಆಚೆಯಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ಇಂದು 'ದಾದಾ ಕೈರುಚಿ' ಎಂಬುದು ಹೋಟೆಲುಗಳ ಜಾಹೀರಾತಿನ ಮಾತಾಗಿದೆ. ಆ ಕೈ ಅಲ್ಲಿಗೆ ಹೇಗೆ ಬಂತು ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ.

1973ರಲ್ಲಿ ಮೊರಾಕ್ಕೋದ ಊಟದ ಬಗ್ಗೆ ಎರಡು ಪುಸ್ತಕಗಳು ಇಂಗ್ಲಿಷಿನಲ್ಲಿ ಬಂದವು. ಹೀಗೆ ಹೇಳಿದರೆ ಗ್ರಂಥಾಲಯದವರು ಒಪ್ಪಲಾರರು. ಅವರ ಕಪಾಟಿನಲ್ಲಿ ಒಂದು ಅಡುಗೆಯ ಸಾಲಿನಲ್ಲಿದೆ, ಇನ್ನೊಂದು ಆತ್ಮಕಥೆಯ ಸಾಲಿನಲ್ಲಿದೆ.

ಮೊದಲನೆಯದು ಅಮೆರಿಕದ ಪೌಲಾ ವೂಲ್ಫರ್ಟ್ ಅವರ ಕುಸ್ಕುಸ್ ಪುಸ್ತಕ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆಕೆ ಅಡುಗೆಮನೆಗಳ ಒಳಗೆ ಹೋಗಿ, ಹೆಂಗಸರ ಪಕ್ಕದಲ್ಲಿ ನಿಂತು, ಅವರ ಕೈಯ ಅಳತೆಯನ್ನು ಚಮಚದ ಅಳತೆಗೆ ಇಳಿಸಿ ಬರೆದವರು. ಪಟ್ಟಿ ಬರೆಯುವವರಿಗೆ ಇಲ್ಲದ ಶ್ರದ್ಧೆ ಆಕೆಗಿತ್ತು. ಆದರೆ ಒಂದು ದೇಶದ ಅಡುಗೆ ಶ್ರೇಷ್ಠವಾಗಲು ನಾಲ್ಕು ಸಂಗತಿಗಳು ಬೇಕೆಂದು ಆಕೆ ವಾದಿಸುತ್ತಾರೆ: ಸಮೃದ್ಧ ಪದಾರ್ಥಗಳು, ಹಲವು ಸಂಸ್ಕೃತಿಗಳ ಪ್ರಭಾವ, ದೊಡ್ಡದೊಂದು ನಾಗರಿಕತೆ, ನಾಜೂಕಿನ ಅರಮನೆ ಬದುಕು. ನನ್ನ ತಕರಾರು ನಾಲ್ಕನೆಯದರ ಬಗ್ಗೆ. ಉತ್ತರ ಮೊರಾಕ್ಕೋದ ಕೂಲಿಯವನು ಚಳಿಯ ಬೆಳಿಗ್ಗೆ ಕುಡಿಯುವ ಬಿಸ್ಸಾರಾ ಒಣ ಅವರೆ ಜಾತಿಯ ಕಾಳಿನ ಗಟ್ಟಿ ಸಾರು, ಮೇಲೆ ಒಂದಿಷ್ಟು ಆಲಿವ್ ಎಣ್ಣೆ, ಜೀರಿಗೆ ಪುಡಿ. ಅದು ಯಾವ ಅರಮನೆಯಿಂದಲೂ ಬಂದದ್ದಲ್ಲ. ಮರ್ರಾಕೆಶ್‌ನ ತಂಜಿಯಾ ಕೂಡ ಕಸುಬುದಾರರ ಊಟ. ಮಾಂಸ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನಲ್ಲಿ ಕಳಿತ ನಿಂಬೆಯನ್ನು ಮಣ್ಣಿನ ಹೂಜಿಗೆ ತುಂಬಿ, ಬಾಯಿಗೆ ಕಾಗದ ಕಟ್ಟಿ, ಸಾರ್ವಜನಿಕ ಹಮಾಮಿನ ನೀರು ಕಾಯಿಸುವ ಒಲೆಯ ಬೂದಿಯಲ್ಲಿ ಹೂತಿಟ್ಟು ಕೆಲಸಕ್ಕೆ ಹೋಗುತ್ತಾರೆ. ಸಂಜೆ ಬಂದು ತೆಗೆಯುತ್ತಾರೆ. ಇನ್ನೊಬ್ಬರ ಸ್ನಾನಕ್ಕೆ ಉರಿದ ಬೆಂಕಿಯ ಉಳಿದ ಬಿಸಿಯಲ್ಲಿ ಬೆಂದ ಊಟ ಅದು. ನಾಜೂಕು ಎನ್ನುವುದಾದರೆ ಇದಕ್ಕಿಂತ ಹೆಚ್ಚಿನ ನಾಜೂಕು ಯಾವುದು?

ಎರಡನೆಯ ಪುಸ್ತಕ ಮುಹಮ್ಮದ್ ಶುಕ್ರಿಯವರದು. ಪೌಲ್ ಬೌಲ್ಸ್ ಮಾಡಿದ ಇಂಗ್ಲಿಷ್ ರೂಪವೇ ಮೊದಲು ಬೆಳಕು ಕಂಡಿತು. 1980ರಲ್ಲಿ ತಾಹರ್ ಬೆನ್ ಜೆಲ್ಲೂನ್ ಅವರ ಫ್ರೆಂಚ್ ಅನುವಾದ, 1982ರಲ್ಲಿ ಅರಬಿ ಮೂಲ 'ಅಲ್ ಖುಬ್ಝ್ ಅಲ್ ಹಾಫಿ'. ಅಂದರೆ ಬರಿ ರೊಟ್ಟಿ, ನೆಂಚಿಕೊಳ್ಳಲು ಏನೂ ಇಲ್ಲದ ರೊಟ್ಟಿ. 1983ರಲ್ಲಿ ಮೊರಾಕ್ಕೋದಲ್ಲಿ ಅದು ನಿಷೇಧಕ್ಕೊಳಗಾಗಿ 2000ದವರೆಗೆ ಹಾಗೇ ಇತ್ತು. ಶುಕ್ರಿ ಹುಟ್ಟಿದ್ದು 1935ರಲ್ಲಿ, ರೀಫ್ ಬೆಟ್ಟಗಳ ಬಡ ಕುಟುಂಬವೊಂದರಲ್ಲಿ. ಬರಗಾಲದಲ್ಲಿ ಊರು ಬಿಟ್ಟು ಟ್ಯಾಂಜಿಯರ್ ಸೇರಿದವರು. ಅಕ್ಷರ ಕಲಿಯಲು ಹೊರಟದ್ದು ಇಪ್ಪತ್ತರ ವಯಸ್ಸಿನಲ್ಲಿ. ಮುಂದೆ ಅಧ್ಯಾಪಕರಾದರು, ಲೇಖಕರಾದರು, 2003ರಲ್ಲಿ ತೀರಿಕೊಂಡರು.

ಆ ಪುಸ್ತಕದ ಆರಂಭದಲ್ಲೇ ಹಸಿದ ಹುಡುಗನೊಬ್ಬ ಕಸದ ರಾಶಿಗಳನ್ನು ಕೆದಕುತ್ತಾನೆ. ಯುರೋಪಿಯನ್ನರ ಬೀದಿಯ ಕಸ ತನ್ನವರ ಬೀದಿಯ ಕಸಕ್ಕಿಂತ ಶ್ರೀಮಂತ ಎಂಬುದು ಅವನು ಕಲಿತ ಮೊದಲ ಸಮಾಜಶಾಸ್ತ್ರ. ಒಮ್ಮೆ ಸತ್ತ ಕೋಳಿಯೊಂದು ಸಿಗುತ್ತದೆ. ಅದನ್ನು ಮನೆಗೆ ತಂದು, ದೊಡ್ಡವರು ಮಾಡುವ ಹಾಗೆ ಅಲ್ಲಾಹನ ಹೆಸರು ಹೇಳಿ ಕೊಯ್ಯಲು ನೋಡುತ್ತಾನೆ. ಸತ್ತ ಕೋಳಿಯಿಂದ ರಕ್ತ ಬರುವುದಿಲ್ಲ. ತಾಯಿ ಅದನ್ನು ಕಿತ್ತುಕೊಳ್ಳುತ್ತಾಳೆ. ಹಲಾಲು ಹರಾಮುಗಳ ಬಗ್ಗೆ ನಾನು ಎಷ್ಟೋ ಉಪನ್ಯಾಸ ಕೇಳಿದ್ದೇನೆ. ಯಾವುದೂ ಆ ಹುಡುಗನ ಕೈಯಲ್ಲಿದ್ದ ಚಾಕುವಿನಷ್ಟು ನನ್ನನ್ನು ಕಲಕಿಲ್ಲ. ಧರ್ಮ ಗೊತ್ತಿಲ್ಲದವನಲ್ಲ ಅವನು. ಧರ್ಮದ ವಿಧಿಯನ್ನೂ ಹಸಿವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹೆಣಗಿದವನು. ಈ ಪುಸ್ತಕವನ್ನು ಅಶ್ಲೀಲವೆಂದವರಿದ್ದಾರೆ. ಅದರಲ್ಲಿ ಎದೆ ನಡುಗಿಸುವ ಪುಟಗಳಿವೆ, ಎಲ್ಲವೂ ನನಗೆ ಒಪ್ಪಿಗೆಯೆಂದು ಹೇಳಲಾರೆ. ಆದರೆ ಆ ಪುಟಗಳಿಗೆ ನಾಚಿದವರು ಕಸದ ರಾಶಿಗೆ ನಾಚಲಿಲ್ಲ ಎಂಬುದು ನನ್ನ ಆಕ್ಷೇಪ.

ಇದು ಒಬ್ಬ ಹುಡುಗನ ಕಥೆ ಮಾತ್ರವೂ ಅಲ್ಲ. 1981ರ ಜೂನ್‌ನಲ್ಲಿ ಆಹಾರ ಪದಾರ್ಥಗಳ ಬೆಲೆ ಏರಿದಾಗ ಕಾಸಾಬ್ಲಾಂಕಾದ ಜನ ಬೀದಿಗಿಳಿದರು. ಗುಂಡು ಹಾರಿತು. ಸತ್ತವರು ಸರ್ಕಾರದ ಲೆಕ್ಕದಲ್ಲಿ 66, ವಿರೋಧ ಪಕ್ಷದವರ ಲೆಕ್ಕದಲ್ಲಿ 600ಕ್ಕೂ ಮೇಲೆ. 'ರೊಟ್ಟಿಯ ದಂಗೆ' ಎಂದು ಅದು ಚರಿತ್ರೆಯಲ್ಲಿ ಉಳಿದಿದೆ. ಬೆಳಿಗ್ಗೆ ಪ್ರವಾಸಿಯ ಮುಂದೆ ಬರುವ ಬಿಸಿ ಬಿಸಿ ದುಂಡು ರೊಟ್ಟಿಗೆ ಈ ಚರಿತ್ರೆಯೂ ಸೇರಿದೆ.

ಪಟ್ಟಿಗಳು ಮರೆಮಾಚುವ ಇನ್ನೊಂದು ಸಂಗತಿ ನೆರೆಹೊರೆಯದು. ಕುಸ್ಕುಸ್ ಅರಬ್ಬರು ತಂದದ್ದಲ್ಲ. ಅದು ಅಮಾಝಿಘ್ ಜನರದು, ಅವರ ಭಾಷೆಯಲ್ಲಿ ಸೆಕ್ಸು. ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 2011ರ ಸಂವಿಧಾನದಲ್ಲಿ. ಅಡುಗೆ ಎಂದೋ ರಾಷ್ಟ್ರೀಯವಾಯಿತು, ಅಡುಗೆ ಮಾಡಿದವರ ಮಾತು ಬಹಳ ಕಾಯಬೇಕಾಯಿತು. 2020ರಲ್ಲಿ ಅಲ್ಜೀರಿಯಾ, ಮಾರಿಟೇನಿಯಾ, ಮೊರಾಕ್ಕೋ, ಟುನೀಸಿಯಾ ನಾಲ್ಕೂ ಸೇರಿ ಕುಸ್ಕುಸ್ ಪರಂಪರೆಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದವು. ಗಡಿಯಲ್ಲಿ ಮುಖ ತಿರುಗಿಸುವ ದೇಶಗಳು ಒಂದು ತಟ್ಟೆಯ ಸುತ್ತ ಕೂತವು. ಇನ್ನು ಯಹೂದಿಗಳ ಸ್ಖೀನಾ. ಶುಕ್ರವಾರ ಸಂಜೆ ಬೀದಿಯ ಒಲೆಗೆ ಇಟ್ಟು, ಸಬ್ಬತ್ ದಿನ ಬೆಂಕಿ ಮುಟ್ಟದೆ, ಶನಿವಾರ ಮಧ್ಯಾಹ್ನ ತೆಗೆದು ಉಣ್ಣುವ ಕಡಲೆ, ಮಾಂಸ, ಮೊಟ್ಟೆಯ ಅಡುಗೆ. 1940ರ ದಶಕದಲ್ಲಿ ಮೊರಾಕ್ಕೋದಲ್ಲಿ ಸುಮಾರು ಎರಡೂವರೆ ಲಕ್ಷ ಯಹೂದಿಗಳಿದ್ದರು. ಈಗ ಉಳಿದವರು ಕೆಲವೇ ಸಾವಿರ. ಮುಸ್ಲಿಮರ ರೊಟ್ಟಿಯೂ ಯಹೂದಿಗಳ ಸ್ಖೀನಾವೂ ಒಂದೇ ಒಲೆಯ ಬಿಸಿ ಹಂಚಿಕೊಂಡಿದ್ದ ಬೀದಿಗಳು ಅಲ್ಲಿದ್ದವು. ಒಲೆ ಇದೆ, ನೆರೆಯವರು ಹೋಗಿದ್ದಾರೆ.

ಹಾಗಾದರೆ ಪ್ರವಾಸಿ ಉಣ್ಣಲೇಬಾರದೆ? ಹಾಗೆ ನಾನು ಹೇಳುತ್ತಿಲ್ಲ. ಉಣ್ಣುವುದಕ್ಕೂ ನೋಡುವುದಕ್ಕೂ ಒಂದು ರೀತಿಯಿದೆ. ಅದನ್ನು ಕಲಿಸಿದವನೂ ಟ್ಯಾಂಜಿಯರ್‌ನವನೇ. ಅಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಸುಲ್ತಾನ್ ಜಮಾಲುದ್ದೀನನ ಊಟವನ್ನು ಅವನು ಸಾಲುಸಾಲಾಗಿ ದಾಖಲಿಸಿದ್ದಾನೆ. ತಾಮ್ರದ ತಟ್ಟೆಗೆ ಅನ್ನ, ಮೇಲೆ ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ನಮ್ಮ ಮಾವಿನ ಉಪ್ಪಿನಕಾಯಿ ಕಂಡಾಗ ಅವನಿಗೆ ತನ್ನ ದೇಶದ ಉಪ್ಪುನಿಂಬೆ ನೆನಪಾಯಿತು. ವಿಚಿತ್ರವೆಂದು ಮೂಗು ಮುರಿಯದೆ, ಇದೂ ಅದರ ಹಾಗೇ ಎಂದ. ಅನ್ನವೊಂದನ್ನೇ ಉಂಡು ಹನ್ನೊಂದು ತಿಂಗಳು ರೊಟ್ಟಿ ಕಾಣಲಿಲ್ಲವೆಂದು ಹೇಳಿಕೊಂಡದ್ದೂ ಉಂಟು. ಆದರೆ ಅವನು ತಟ್ಟೆಯಲ್ಲೇ ನಿಲ್ಲಲಿಲ್ಲ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳಿದ್ದುದನ್ನೂ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದುದನ್ನೂ ಬರೆದ. ಬಡಿಸಿದವಳು ರೇಷ್ಮೆಯುಟ್ಟ ದಾಸಿಯೆಂದೂ ಬರೆದ. ಅವಳ ಹೆಸರನ್ನು ಮಾತ್ರ ಬರೆಯಲಿಲ್ಲ. ಒಳ್ಳೆಯ ಪ್ರವಾಸಿಯ ಕಣ್ಣಿಗೂ ಒಂದು ಮಿತಿಯಿದೆ ಎನ್ನುವುದಕ್ಕೆ ಆ ದಾಸಿಯೇ ಸಾಕ್ಷಿ.

ಈ ಮಾತು ನಮಗೆ ಏಕೆ ಮುಖ್ಯ? ನಮ್ಮ ಪಟ್ಟಣಗಳ ಮಸೀದಿ ಬೀದಿಗಳಿಗೂ ರಂಜಾನ್ ತಿಂಗಳಲ್ಲಿ ಪಟ್ಟಿ ಹಿಡಿದವರು ಬರುತ್ತಾರೆ. ಕಬಾಬು, ಹಲೀಮ್, ಸಮೋಸಗಳ ಚಿತ್ರ ತೆಗೆಯುತ್ತಾರೆ, ಬಾಯಿ ತುಂಬ ಹೊಗಳುತ್ತಾರೆ. ಬರಲಿ, ಉಣ್ಣಲಿ, ಮೆಹಮಾನ್ ಬಂದರೆ ಬರ್ಕತ್ ಬರುತ್ತದೆ ಎಂದು ನಂಬಿದವರು ನಾವು. ಆದರೆ ಹೊಗಳಿದವರಲ್ಲೇ ಕೆಲವರು ಮರುದಿನ ನಮಗೆ ಬಾಡಿಗೆಗೆ ಮನೆಯಿಲ್ಲ ಎನ್ನುವುದನ್ನೂ ಕಂಡಿದ್ದೇವೆ. ಊಟ ಬೇಕು, ಉಣಿಸಿದವರು ಬೇಡ ಎನ್ನುವ ಮನಸ್ಸು ಇಂಥ ಪಟ್ಟಿಗಳಿಂದ ಹುಟ್ಟುತ್ತದೆ ಎನ್ನಲಾರೆ. ಆದರೆ ಆ ಮನಸ್ಸು ಅವುಗಳಲ್ಲಿ ಬಹಳ ಸುಖವಾಗಿ ಕೂರುತ್ತದೆ. ನಮ್ಮವರ ತಪ್ಪೂ ಇದೆ. ಹೊರಗಿನವರಿಗೆ ಬಿರಿಯಾನಿಯ ಗುಟ್ಟು ಹೇಳುವಾಗ ನಮ್ಮ ಗಲ್ಲಿಯ ಯಾವ ಒಲೆ ಹೊತ್ತಲಿಲ್ಲ ಎಂದು ನಾವೂ ಹೇಳುವುದಿಲ್ಲ.

ಮೊರಾಕ್ಕೋದಲ್ಲಿ ಬೀದಿಯಲ್ಲಿ ಬಿದ್ದ ರೊಟ್ಟಿಯ ಚೂರನ್ನು ಯಾರೂ ತುಳಿಯುವುದಿಲ್ಲವಂತೆ. ಎತ್ತಿ, ಮುತ್ತಿಟ್ಟು, ಗೋಡೆಯ ಸಂದಿನಲ್ಲಿಡುತ್ತಾರೆ. ನನ್ನ ಅಮ್ಮಿಯೂ ಹಾಗೇ ಮಾಡುತ್ತಿದ್ದರು. ರಿಜ್ಕ್ ಅದು, ಯಾರ ಪಾಲಿನದೋ ಎನ್ನುತ್ತಿದ್ದರು. ಟ್ಯಾಂಜಿಯರ್‌ನ ಬೀದಿಯಲ್ಲಿ ಒಬ್ಬ ಹುಡುಗ ಹುಡುಕುತ್ತ ಅಲೆದದ್ದು ಅಂಥ ಚೂರುಗಳನ್ನೇ. ತಪ್ಪದೆ ಸವಿಯಬೇಕಾದ ತಿನಿಸುಗಳ ಪಟ್ಟಿಯನ್ನು ಯಾರಾದರೂ ಹೊಸದಾಗಿ ಬರೆಯುವುದಾದರೆ, ಮೊದಲ ಸಾಲಿನಲ್ಲಿ ಬರಿ ರೊಟ್ಟಿಯನ್ನು ಬರೆಯಲಿ.