ಗರ್ಭಕೋಶದ ‘ಗಡ್ಡೆ’: ಒಂದು ಶಬ್ದವಿಚಾರ

ಮುಟ್ಟಿನ ಕಾಲದಲ್ಲಿ ಅತಿಸ್ರಾವ, ಕಡುನೋವು, ಊದಿದ ಗರ್ಭಕೋಶ, ಇವು ಕಂಡವೆಂದರೆ ಗಡ್ಡೆಯೆನ್ನುವುದು ಕನ್ನಡದ ಆಡುಮಾತಿನ ವಾಡಿಕೆ. ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡಿಗೆ ಈ ಶಬ್ದವು ಸಲ್ಲುವುದು. ಅದಕ್ಕೆ ಅಂಚುಂಟು, ಶಸ್ತ್ರವೈದ್ಯನು ಅದನ್ನು ಬಿಡಿಸಿ ತೆಗೆಯಬಲ್ಲನು. ಅಡಿನೋಮಯೋಸಿಸ್ ಎಂಬ ವ್ಯಾಧಿಗೆ ಸಲ್ಲದು. ಇಲ್ಲಿ ಗರ್ಭಕೋಶದ ಒಳಪೊರೆಯ ಗ್ರಂಥಿಗಳು ಸ್ನಾಯುಭಿತ್ತಿಯನ್ನು ಹೊಕ್ಕು ಹರಡಿರುತ್ತವೆ. ಬಹುಮಟ್ಟಿಗೆ ಮೇರೆಯೆಂಬುದೇ ಇರದು. ಹರಿಹರೇಶ್ವರನ ಮೂರ್ತಿಯಲ್ಲಿ ಎರಡು ದೈವಗಳು ಒಂದೇ ದೇಹದಲ್ಲಿದ್ದರೂ ಹರಿಯ ಭಾಗವಾವುದು, ಹರನ ಭಾಗವಾವುದು ಎಂದು ಹರಿಹರಕ್ಕೆ ಬಂದ ಯಾತ್ರಿಕನು ಗುರುತಿಸುವನು. ಈ ವ್ಯಾಧಿಯಲ್ಲಿ ಆ ನಡುಗೆರೆಯೇ ಅಳಿಸಿಹೋಗುತ್ತದೆ. (ಉಪಮೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.)

ಪಾಶ್ಚಾತ್ಯ ವೈದ್ಯರೂ ಇದೇ ತೊಡಕಿಗೆ ಸಿಲುಕಿದ್ದರು. 1860ರಲ್ಲಿ ರೋಕಿಟಾನ್ಸ್ಕಿಯು ಇದನ್ನು ವರ್ಣಿಸಿದಾಗ ಇಟ್ಟುದು ಅರ್ಬುದದ ಹೆಸರು. 1908ರ ಕಲನ್ ಗ್ರಂಥದಲ್ಲಿಯೂ ‘ಅಡಿನೋಮಯೋಮ’ ಎಂದೇ ಇದೆ. 1925ರಲ್ಲಿ ಫ್ರಾಂಕ್ಲ್ ಗಡ್ಡೆಯನ್ನು ಸೂಚಿಸುವ ‘ಓಮ’ ಪ್ರತ್ಯಯವನ್ನು ಕಳೆದು, ಸ್ಥಿತಿಯನ್ನು ಸೂಚಿಸುವ ‘ಓಸಿಸ್’ ಎಂಬುದನ್ನು ಸೇರಿಸಿದನು. ಒಂದು ಪ್ರತ್ಯಯದ ಬದಲಾವಣೆಯಿಂದ ರೋಗದ ಕಲ್ಪನೆಯೇ ತಿದ್ದಿತು. ಕನ್ನಡದಲ್ಲಿ ಆ ತಿದ್ದುಪಡಿ ಇನ್ನೂ ನಡೆಯಬೇಕಾಗಿದೆ.

‘ಕಾರಣ’ ಶಬ್ದದ ವಿಷಯದಲ್ಲಿಯೂ ಎಚ್ಚರ ಬೇಕು. 2019ರಲ್ಲಿ ಜಪಾನಿನ ವಿದ್ವಾಂಸರು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ರೋಗಿಗಳ ವ್ಯಾಧಿಗ್ರಸ್ತ ಕೋಶಗಳಲ್ಲಿ ಕೆ-ರಾಸ್ ಎಂಬ ಜೀನಿನ ವಿಕೃತಿಯನ್ನು ಕಂಡರು. ಆದರೆ ನೆರೆಯ ನಿರ್ದೋಷವೆಂದು ತೋರುವ ಒಳಪೊರೆಯಲ್ಲಿಯೂ ಅದೇ ವಿಕೃತಿಯಿತ್ತು. ಹೀಗಿರಲು ಅದೊಂದೇ ಕಾರಣವೆಂದು ಹೇಳುವುದೆಂತು? ವ್ಯಾಧಿಯೆಡೆಯಲ್ಲಿಯೇ ಈಸ್ಟ್ರೋಜನ್ ಉತ್ಪನ್ನವಾಗುವುದು, ಪ್ರೊಜೆಸ್ಟೆರಾನಿನ ಗ್ರಾಹಕಗಳು ಕುಗ್ಗಿ ಅದರ ಅಂಕೆ ಸಡಿಲುವುದು, ಪೊರೆಯೂ ಸ್ನಾಯುವೂ ಕೂಡುವೆಡೆಯಲ್ಲಿ ಪದೇ ಪದೇ ಗಾಯವಾಗಿ ಮಾಯುವುದು, ಇವುಗಳಲ್ಲಿ ನಿಮಿತ್ತವಾವುದು, ಸಹಕಾರಿಯಾವುದು ಎಂಬುದು ಇತ್ಯರ್ಥವಾಗಿಲ್ಲ. ಶಾಸ್ತ್ರಗಳು ಬಹುಕಾಲದಿಂದ ಬಳಸಿದ ಈ ವಿಭಾಗ ಕನ್ನಡಕ್ಕೆ ಕೈಗೆಟುಕುವಂತಿರಲು, ವೈದ್ಯಲೇಖನಗಳು ಎಲ್ಲಕ್ಕೂ ‘ಕಾರಣ’ವೆಂದು ಬರೆಯುವುದು ಸೋಮಾರಿತನವೇ ಸರಿ.

ಇದು ಬರಿಯ ಪಂಡಿತವಾದವಲ್ಲ. ದಾವಣಗೆರೆಯ ಜೆ. ಜೆ. ಎಂ. ವೈದ್ಯಕೀಯ ಕಾಲೇಜಿನಲ್ಲಿ 1965ರಿಂದ ವೈದ್ಯಪಾಠ ನಡೆದಿದೆ. ಪಾಠವು ಇಂಗ್ಲಿಷು, ರೋಗಿಯ ಮಾತು ಕನ್ನಡ. ಗಡ್ಡೆಯೆಂದು ಕೇಳಿದ ಹೆಂಗಸಿನ ಬಾಯಲ್ಲಿ ‘ತೆಗೆದುಬಿಡಿ’ ಎಂಬುದು ಸಹಜವಾಗಿಯೇ ಬರುವುದು. ಇಲ್ಲಿ ತೆಗೆಯಬೇಕಾದುದು ಬಹುಶಃ ಗರ್ಭಕೋಶವನ್ನೇ ಎಂಬುದಾಗಲಿ, ಹಾರ್ಮೋನು ಚಿಕಿತ್ಸೆಯಿಂದ ಸ್ರಾವವನ್ನು ತಗ್ಗಿಸುವ ದಾರಿಯೂ ಉಂಟೆಂಬುದಾಗಲಿ ಆ ಶಬ್ದದಲ್ಲಿ ಅಡಗಿಲ್ಲ. ಹೊಸ ಸಂಸ್ಕೃತ ಸಮಾಸವೊಂದನ್ನು ಕಟ್ಟುವುದಕ್ಕಿಂತ ‘ಒಳಪೊರೆ ಗೋಡೆಗೆ ಇಳಿದಿದೆ’ ಎಂಬ ವಾಕ್ಯವೇ ಲೇಸು. ಎಷ್ಟು ಇಳಿದಿದೆಯೆಂದು ಅವಳು ಮರುಪ್ರಶ್ನೆ ಹಾಕಬಲ್ಲಳು.