ಹೆಸರು ಮತ್ತು ಆಟ

ಪೇಟೆಯಲ್ಲಿ ವಸ್ತುವಿಗೊಂದು ಬೆಲೆ, ಅದರ ಮೇಲಿನ ಹೆಸರಿಗೊಂದು ಬೆಲೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ನಮಗೆ ಇದು ಹೊಸ ಮಾತಲ್ಲ. ಮಕ್ಕಳ ವಿಡಿಯೋ ಆಟಗಳಿಗೂ ಇದು ಸಲ್ಲುತ್ತದೆಂದು ನನಗೆ ಮನದಟ್ಟಾದದ್ದು ಕಳೆದ ಬೇಸಗೆ ರಜೆಯಲ್ಲಿ. ಸಿನಿಮಾ ನಾಯಕನೊಬ್ಬನ ಹೆಸರು ಹೊತ್ತ ಹೊಸ ಆಟ ಬೇಕೆಂದು ಮಗ ಹಟ ಹಿಡಿದಿದ್ದ. ಬೆಲೆ ಕೇಳಿ ಬೆಚ್ಚಿದ ನಾನು, ಅದಕ್ಕೆ ಬದಲು ಕ್ಯಾಪ್‌ಕಾಮ್ ಕಂಪನಿ 2017ರಲ್ಲಿ ಹೊರತಂದ ಹಳೆಯ ಡಿಸ್ನಿ ಆಟಗಳ ಸಂಗ್ರಹವನ್ನು ಕೊಡಿಸಿದೆ. ಅದರಲ್ಲಿದ್ದ ‘ಡಕ್‌ಟೇಲ್ಸ್’ ಆಟವನ್ನು ಮಗನಿಗಿಂತ ಹೆಚ್ಚಾಗಿ ನಾನೇ ಆಡಿದೆನೆಂದು ಒಪ್ಪಿಕೊಳ್ಳಬೇಕು.

ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ‘ಡಕ್‌ಟೇಲ್ಸ್’ ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಹಣದ ರಾಶಿಯಲ್ಲಿ ಈಜಾಡುವ ಜಿಪುಣ ಮುದಿ ಬಾತುಕೋಳಿ ಸ್ಕ್ರೂಜ್ ಮ್ಯಾಕ್‌ಡಕ್ ಅದರ ನಾಯಕ. 1989ರಲ್ಲಿ ಕ್ಯಾಪ್‌ಕಾಮ್ ಅವನನ್ನು ನಿಂಟೆಂಡೊ ಯಂತ್ರದ ಆಟವೊಂದಕ್ಕೆ ಇಳಿಸಿತು. ಕಟ್ಟೆಯಿಂದ ಕಟ್ಟೆಗೆ ಜಿಗಿದು, ಹಳ್ಳ ಹಾರಿ ಮುಂದೆ ಸಾಗುವ ಪ್ಲಾಟ್‌ಫಾರ್ಮ್ ಆಟಗಳು ಆಗ ಹೇರಳವಾಗಿದ್ದವು. ಇದರ ವಿಶೇಷವೆಂದರೆ ಮುದುಕನ ಊರುಗೋಲು. ಅದೇ ಅವನ ಆಯುಧ, ಅದೇ ಅವನ ವಾಹನ. ಕೋಲನ್ನು ಕೆಳಗೂರಿ ಪುಟಿಯುತ್ತ ಮುಳ್ಳಿನ ಮೇಲೂ ಹಾದುಹೋಗುತ್ತಾನೆ. ಹಿಮಾಲಯದ ಹಿಮದಲ್ಲಿ ಮಾತ್ರ ಅದು ಹೂತುಕೊಳ್ಳುತ್ತದೆ. ಆಟದ ಅಂಕಗಳೆಂದರೆ ಅವನು ಕೂಡಿಹಾಕಿದ ಡಾಲರುಗಳೇ. ಸ್ವಭಾವ, ಕೋಲು, ಲೆಕ್ಕ ಮೂರೂ ಒಂದಕ್ಕೊಂದು ಹೊಂದಿವೆ. ಸ್ಕ್ರೂಜನನ್ನು ತೆಗೆದರೆ ಆಟವೇ ಅರ್ಥ ಕಳೆದುಕೊಳ್ಳುತ್ತದೆ.

ಬಿ.ಎಸ್ಸಿ. ಓದಿದವನಿಗೆ ಹೋಲಿಸಿ ನೋಡುವ ಚಟ. ಅದೇ ಕ್ಯಾಪ್‌ಕಾಮ್, ಅದೇ ಯಂತ್ರಕ್ಕೆ, ಮರುವರ್ಷವೇ ಅಮೆರಿಕದಲ್ಲಿ ‘ಯೋ! ನಾಯ್ಡ್’ ಎಂಬ ಆಟವನ್ನು ತಂದಿತು. ನಾಯ್ಡ್ ಎಂಬವನು ಡಾಮಿನೋಸ್ ಪಿಜ್ಜಾದ ಜಾಹೀರಾತಿನ ಕೆಂಪಂಗಿಯ ತುಂಟ. ಈ ಆಟ ಮೊದಲು ಜಪಾನಿನಲ್ಲಿ ನಿಂಜಾ ಹುಡುಗನೊಬ್ಬನ ಕಥೆಯಾಗಿ ಬಂದಿತ್ತು. ಅವನಲ್ಲಿದ್ದ ಗಿಡುಗದ ಜಾಗಕ್ಕೆ ನಾಯ್ಡನ ಕೈಗೆ ಯೋಯೋ ಬಂತು. ಎದುರಾಳಿಯೊಡನೆ ನಡೆಯುತ್ತಿದ್ದ ಕಾರ್ಡುಗಳ ಕಾಳಗ ಪಿಜ್ಜಾ ತಿನ್ನುವ ಪಂದ್ಯವಾಯಿತು. ವಿನೋದವೆಂದರೆ, ಜಾಹೀರಾತಿನಲ್ಲಿ ಈ ನಾಯ್ಡ್ ಪಿಜ್ಜಾ ಕೆಡಿಸುವ ಖಳ. ಅವನೇ ಇಲ್ಲಿ ಊರು ಕಾಯುವ ವೀರ! ವೇಷ ತೊಟ್ಟ ಮಾತ್ರಕ್ಕೆ ಪಾತ್ರವಾಗದೆಂದು ಯಕ್ಷಗಾನ ನೋಡಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ಜಾಹೀರಾತಿನಿಂದ ಬಂದ ಆಟವೆಲ್ಲ ಕಳಪೆ ಎಂದು ಇದರಿಂದ ತೀರ್ಮಾನಿಸುವುದೂ ತಪ್ಪು. 1993ರ ‘ಕೂಲ್ ಸ್ಪಾಟ್’ ಆಟದ ನಾಯಕ ಸೆವೆನ್ ಅಪ್ ಪಾನೀಯದ ಗುರುತಿನಲ್ಲಿರುವ ಕೆಂಪು ಚುಕ್ಕೆ. ಅದು ಕೈಕಾಲು ಮೂಡಿಸಿಕೊಂಡು, ಸೋಡಾ ಗುಳ್ಳೆ ಎಸೆಯುತ್ತ, ಪಂಜರದಲ್ಲಿ ಸಿಕ್ಕಿಬಿದ್ದ ತನ್ನಂಥ ಚುಕ್ಕೆಗಳನ್ನು ಬಿಡಿಸುತ್ತದೆ. ಯುರೋಪಿನಲ್ಲಿ ಆ ಪಾನೀಯದ ಜಾಹೀರಾತು ನಾಯಕ ಫಿಡೊ ಡಿಡೊ. ನಮ್ಮ ದೇಶದಲ್ಲೂ ಅವನನ್ನೇ ಕಂಡಿದ್ದೇವೆ. ಆದ್ದರಿಂದ ಅಲ್ಲಿ ಮಾರಿದ ಆಟದಿಂದ ಪಾನೀಯದ ಹೆಸರನ್ನೇ ತೆಗೆದುಹಾಕಿದರು. ಹೆಸರು ಹೋದರೂ ಚುಕ್ಕೆಯ ನಡಿಗೆಯ ಲವಲವಿಕೆ ಹೋಗಲಿಲ್ಲ, ಆಟ ನಿಂತಿತು.

‘ಡಕ್‌ಟೇಲ್ಸ್’ಗೂ ನನ್ನದೊಂದು ಆಕ್ಷೇಪವಿದೆ. ಅಮೆಜಾನ್, ಆಫ್ರಿಕದ ಗಣಿ, ಹಿಮಾಲಯ, ಕೊನೆಗೆ ಚಂದ್ರನವರೆಗೆ ಎಲ್ಲಿ ಹೋದರೂ ಸ್ಕ್ರೂಜನಿಗೆ ಬೇಕಾದದ್ದು ನಿಧಿ. ಅದು ಯಾರದೆಂದು ಆಟ ಒಮ್ಮೆಯೂ ಕೇಳುವುದಿಲ್ಲ. ಆಡುವ ಮಕ್ಕಳ ಜೊತೆ ಕುಳಿತು ಈ ಪ್ರಶ್ನೆಯನ್ನು ನಾವಾದರೂ ಕೇಳಬೇಕು. ಆದರೆ ಇದು ಪಾತ್ರದ ದೋಷವೇ ಹೊರತು ಕಸುಬಿನ ದೋಷವಲ್ಲ.

ಮಗ ಬಯಸಿದ್ದ ಹೊಸ ಆಟವನ್ನು ಮೊನ್ನೆ ಅವನ ಗೆಳೆಯನ ಮನೆಯಲ್ಲಿ ಆಡಿ ಬಂದ. ಹೇಗಿತ್ತೆಂದು ಕೇಳಿದೆ. “ಚೆನ್ನಾಗಿತ್ತು ಅಪ್ಪ. ಆದ್ರೆ ಅಲ್ಲಿ ಆ ಹೀರೋನೇ ಬೇಕು ಅಂತೇನಿರಲಿಲ್ಲ, ಬೇರೆ ಯಾರಿದ್ರೂ ಆಗ್ತಿತ್ತು” ಎಂದ. ಇಷ್ಟು ಪುಟ ಬರೆದು ನಾನು ಹೇಳಹೊರಟದ್ದೂ ಇದನ್ನೇ. ಹೆಸರಿಗೆ ಹಣ ಕೊಡುವ ಮುನ್ನ ಈ ಒಂದು ಮಾತನ್ನು ಕೇಳಿಕೊಂಡರೆ, ಮಕ್ಕಳಿಗೂ ನಮ್ಮ ಜೇಬಿಗೂ ಕ್ಷೇಮ.